ಶೇಂಗಾ ಪೊಟ್ಟಣದೊಳಗಿನ ಆಮೆ

ಆಫ್ರಿಕಾದ ವೋಲ್ಟಾ ನದಿ ಇನ್ನೇನು ಸಮುದ್ರ ಸೇರಬೇಕು ಅನ್ನುವಲ್ಲಿ, ಊರೂರು ಸುತ್ತಿ ದಣಿದ ಹೆಂಗಸಿನಂತೆ ಒಮ್ಮೆ ಮೈಚೆಲ್ಲಿ ಮಲಗುತ್ತದೆ. ಅಲ್ಲಿ, ದಂಡೆಯ ಬೇವಿನ ಮರದ ಕೆಳಗೆ, ಕೊಸಿವಾ ಅಜ್ಜಿ ಕಥೆ ಹೇಳುವುದನ್ನು ಕಲಿಸುತ್ತಿದ್ದಳು.

ಅವಳ ಗುರುಕುಲಕ್ಕೆ ಗೋಡೆಯಿಲ್ಲ, ಗಂಟೆಯಿಲ್ಲ. ಇದ್ದದ್ದು ಒಂದೇ ಕಟ್ಟಳೆ. ಹೇಳುವವರು ಮೊದಲು "ಕಥೆ ಬಂದಿದೆ!" ಎಂದು ಕೂಗಬೇಕು. ಕೇಳುವವರು "ಬರಲಿ!" ಅನ್ನಬೇಕು. ಅನ್ನದಿದ್ದರೆ ಹೇಳುವವರು ಬಾಯಿ ಮುಚ್ಚಿಕೊಂಡು ಕೂರಬೇಕು. ನಡುವೆಯೂ ಹಾಗೆಯೇ. "ಆಮೇಲೆ?" ಎಂದು ಯಾರಾದರೂ ಕೇಳುವ ತನಕ ಮುಂದಿನ ಮಾತಿಲ್ಲ.

ಎಲಿಕೆಂ ಅವಳ ಬಳಿ ಏಳು ವರ್ಷ ಕಲಿತವನು. ಮೊದಲ ವರ್ಷವಿಡೀ ಒಂದು ಕಥೆಯನ್ನೂ ಕಲಿಸದೆ ಬರೀ ಕೂಗಿಸಿದ್ದಳು. ಅವನ ಗಂಟಲು ಕೂತುಹೋಗಿತ್ತು.

ಆಮೇಲೆ ಅವನು ರಾಜಧಾನಿಗೆ ಹೋದ. ಎಷ್ಟೋ ವರ್ಷದ ಮೇಲೆ, ಒಂದು ಬೆಳಿಗ್ಗೆ, ದೋಣಿಯಿಂದ ಇಳಿದ. ತಲೆಯ ಮೇಲೆ ರಟ್ಟಿನ ಪೆಟ್ಟಿಗೆ. ಮುಖ ಪೆಟ್ಟಿಗೆಗಿಂತ ಭಾರ.

"ಏನೋ ಅದು?" ಅಜ್ಜಿ ಕೇಳಿದಳು.

"ಪುಸ್ತಕ, ಅಜ್ಜಿ. ನೀವು ಹೇಳಿದ ಕಥೆಗಳು. ಮಕ್ಕಳಿಗಾಗಿ ಬರೆದೆ."

"ಯಾರು ಓದಿದರು?"

"ನನ್ನ ತಾಯಿ."

"ನಿನ್ನ ತಾಯಿಗೆ ಓದು ಬಾರದಲ್ಲ."

"ಕಣ್ಣಿಗೊತ್ತಿಕೊಂಡಳು."

ಅಜ್ಜಿ ಪಕ್ಕದ ಬೇರನ್ನು ತಟ್ಟಿದಳು. ಅವನು ಕೂತ.

"ನಾನು ಮಾಡದ್ದಿಲ್ಲ, ಅಜ್ಜಿ. ಬಿಡುಗಡೆಗೆ ಸಚಿವರನ್ನೇ ಕರೆಸಿದೆ."

"ಓದಿದರೋ?"

"ರಿಬ್ಬನ್ ಬಿಚ್ಚಿದರು. ಆಮೇಲೆ ಫೋನಿನಲ್ಲಿ ದಿನಾ ಹಾಕಿದೆ. 'ಆಫ್ರಿಕಾದ ಮಹಾನ್ ಮಕ್ಕಳ ಕಥೆಗಳು, ತಪ್ಪದೇ ಓದಿ' ಎಂದು."

"ತಪ್ಪದೇ ಓದಿ!" ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಮಾತ್ರೆ ನುಂಗಿಸುವವರ ಹಾಗೆ."

"ನಗಬೇಡಿ. ಮಳೆ ಹಿಡಿಯುವುದರೊಳಗೆ ಯಾರೂ ಕೇಳದಿದ್ದರೆ ಪ್ರಕಾಶಕರು ಉಗ್ರಾಣದಲ್ಲಿರುವುದನ್ನೆಲ್ಲ ರದ್ದಿಗೆ ಹಾಕುತ್ತಾರೆ. ಎರಡನೆಯ ಪುಸ್ತಕ ಅಚ್ಚೇ ಆಗುವುದಿಲ್ಲ."

"ಎರಡನೆಯದರಲ್ಲಿ ಏನಿದೆ?"

"ನೀವು ನನಗೆ ಇನ್ನೂ ಹೇಳದ ಕಥೆಗಳು."

ಅಜ್ಜಿಗೆ ಎಂಬತ್ತಾರು ತುಂಬಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

"ಪ್ರಕಾಶಕ ಏನನ್ನುತ್ತಾನೆ?"

"ಆಮೆ ಯಾರಿಗೆ ಬೇಕು ಅನ್ನುತ್ತಾರೆ. ಆಮೆ ತೆಗೆದು ಕರಡಿ ಹಾಕು, ಹಿನ್ನೆಲೆಗೆ ಒಂದಿಷ್ಟು ಹಿಮ ಸುರಿಸು, ಹೊರದೇಶದ ಮಕ್ಕಳೂ ಓದುತ್ತಾರೆ ಅಂತ."

"ನೀನು ಒಪ್ಪಿದೆಯೋ?"

"ಕರಡಿ ಬೇಡವೇ ಬೇಡ ಅಂದೆ." ಎಲಿಕೆಂ ತಲೆ ತಗ್ಗಿಸಿದ. "ಹಿಮದ ಬಗ್ಗೆ ಯೋಚಿಸುತ್ತೇನೆ ಅಂದೆ."

"ನಮ್ಮ ಆಮೆಗೆ ನೆಗಡಿಯಾಗುತ್ತದೆ," ಅಂದಳು ಅಜ್ಜಿ. "ಒಂದು ಪುಸ್ತಕ ಕೊಡು ಇಲ್ಲಿ."

ಅವನು ಕೊಟ್ಟ. ಅವಳು ಮೂಸಿದಳು. ತಿರುವಿ ನೋಡಿದಳು. ಮೊಸಳೆಯ ಬೆನ್ನ ಮೇಲೆ ಕೂತ ಆಮೆಯ ಚಿತ್ರ ಕಂಡು, "ಗತ್ತು ನೋಡು ಇವನದು," ಎಂದು ಹಿಗ್ಗಿದಳು.

ಆಮೇಲೆ ಪುಸ್ತಕದ ಬೆನ್ನು ಮುರಿದು, ಹಾಳೆಗಳನ್ನು ಒಂದೊಂದಾಗಿ ಹರಿಯತೊಡಗಿದಳು.

"ಅಜ್ಜೀ!"

"ಕೂತುಕೊ."

ಪ್ರತಿ ಕಥೆಯ ಕೊನೆಯ ಹಾಳೆಯನ್ನು ಅವನ ಕೈಗಿಟ್ಟಳು. ಉಳಿದದ್ದನ್ನು ಮಡಿಲಲ್ಲಿ ಕಟ್ಟಿಕೊಂಡು ದೋಣಿಕಟ್ಟೆಗೆ ನಡೆದಳು. ಅಂದು ಸಂತೆ. ಜಿಗ್ಬೋದಿ ಎಂಬವಳು ಅಲ್ಲಿ ಶೇಂಗಾ ಹುರಿಯುತ್ತಿದ್ದಳು.

"ತಗೋ ಮಗಳೇ, ಪೊಟ್ಟಣ ಕಟ್ಟಲು. ಮಕ್ಕಳಿಗೆ ಮಾತ್ರ."

ಎಲಿಕೆಂ ಅಡ್ಡ ಬಂದು ನಿಂತ. "ಪ್ರಕಾಶಕರು ಹಾಕಿದರೆ ರದ್ದಿ, ನೀವು ಹಾಕಿದರೆ ಜ್ಞಾನವೋ? ಅವರಾದರೂ ನನ್ನ ಕಣ್ಣೆದುರು ಹರಿಯುತ್ತಿರಲಿಲ್ಲ."

ಅಜ್ಜಿ ಒಂದು ಪೊಟ್ಟಣ ಶೇಂಗಾ ಕೊಂಡು ಅವನ ಕೈಗಿತ್ತಳು. ಅವನ ಮೂರನೆಯ ಕಥೆ ಬೆಚ್ಚಗಿತ್ತು.

ಮಧ್ಯಾಹ್ನದ ತನಕ ಇಬ್ಬರೂ ಮರದ ಕೆಳಗೆ ಕೂತರು. ಮಕ್ಕಳು ಶೇಂಗಾ ತಿಂದರು, ಕಾಗದ ಎಸೆದರು. ಒಂದು ಮೇಕೆ ಬಂದು ಇಡೀ ಹಾಳೆಯನ್ನು ನಿಧಾನವಾಗಿ ಅಗಿದು ನುಂಗಿತು.

"ನೋಡು, ಮೊದಲ ಓದುಗ," ಅಂದಳು ಅಜ್ಜಿ. "ಅರ್ಧಕ್ಕೆ ಬಿಡಲಿಲ್ಲ."

ಎಲಿಕೆಂ ಎದ್ದು ಪೆಟ್ಟಿಗೆಗೆ ಹಗ್ಗ ಬಿಗಿದ. ಮರುದೋಣಿಗೆ ಹೊರಟುಬಿಡುವುದೆಂದು ನಿಶ್ಚಯಿಸಿದ.

ಆಗ ಎಂಟು ವರ್ಷದ ಹುಡುಗಿಯೊಬ್ಬಳು ಬಂದು ನಿಂತಳು. ಹೆಸರು ಎಸಿನಾಂ. ಕೈಯಲ್ಲಿ ಎಣ್ಣೆ ಹತ್ತಿದ ಹಾಳೆ.

"ಆಮೆ ಮೊಸಳೆಯ ಬೆನ್ನು ಹತ್ತಿತು. ನಡುನೀರಿಗೆ ಬಂದ ಮೇಲೆ ಮೊಸಳೆಗೆ ಹಸಿವಾಯಿತು. ಅಷ್ಟೇ ಇದೆ ಇದರಲ್ಲಿ," ಎಂದು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. "ಆಮೇಲೆ?"

ಎಲಿಕೆಂ ಬಾಯಿ ತೆರೆದ. ಅಜ್ಜಿ ಅವನ ತೊಡೆ ಚಿವುಟಿದಳು.

"ಆಮೇಲಿನದು ಬೇರೆ ಪೊಟ್ಟಣದಲ್ಲಿದೆ ಕಣೇ. ಯಾರು ತಿಂದರೋ ಹುಡುಕು," ಅಂದಳು.

ಹುಡುಗಿ ಓಡಿದಳು. ಎಲಿಕೆಂ ಹಗ್ಗ ಬಿಚ್ಚಲಿಲ್ಲ. ಆದರೆ ಆ ದೋಣಿಗೆ ಹೋಗಲೂ ಇಲ್ಲ.

ಸಂಜೆಯ ಹೊತ್ತಿಗೆ ದೋಣಿಕಟ್ಟೆಯಲ್ಲಿ ಗದ್ದಲವೋ ಗದ್ದಲ. "ಮೊಸಳೆ ನನ್ನದು, ಕೊಡೋ!" "ಎರಡು ಆನೆ ಕೊಟ್ಟರೆ ಒಂದು ಮೊಸಳೆ ಕೊಡ್ತೀನಿ." "ಏ ಕಳ್ಳಾ, ನೀನು ಓದಿ ಆಯಿತಲ್ಲ!" ಎಸೆದ ಕಾಗದವನ್ನೆಲ್ಲ ಆಯ್ದು, ಉಜ್ಜಿ, ಸುಕ್ಕು ತೆಗೆದು ಜೋಡಿಸುತ್ತಿದ್ದರು. ಮೇಕೆಯನ್ನು ಹಿಡಿದು ಬಾಯಿ ಬಿಡಿಸಿಯೂ ನೋಡಿದರು.

ನಾಲ್ಕು ದಿನ ಕಳೆದು ಮತ್ತೆ ಸಂತೆಯಾಯಿತು. ಸಂತೆಗೆ ಬಂದವರ ಪೊಟ್ಟಣಗಳ ಜೊತೆ ಕಥೆಯ ಸುದ್ದಿ ಆಚೆ ದಡಕ್ಕೂ ಮುಟ್ಟಿತ್ತು. ಆ ದಿನ ಅಲ್ಲಿಂದ ಒಂದು ದೋಣಿ ಬಂತು. ಅದರಲ್ಲಿ ಮೀನಿಲ್ಲ, ಗೆಣಸಿಲ್ಲ. ಹನ್ನೊಂದು ಮಕ್ಕಳು.

"ಕೊನೆಯ ಹಾಳೆ ಇರುವುದು ಯಾರ ಹತ್ತಿರ?" ಎಂದು ನೀರಿನಲ್ಲಿರುವಾಗಲೇ ಕೂಗಿದರು.

ಎಲಿಕೆಂ ಎದ್ದು ನಿಂತ. ಮೊಸಳೆಯ ಕಥೆಯ ಕೊನೆಯ ಹಾಳೆಯನ್ನು ಎಸಿನಾಂಗೆ ಕೊಟ್ಟ. ಎರಡು ದಡದ ಮಕ್ಕಳೂ ಮರದ ಸುತ್ತ ಕೂತರು.

ಅವಳು ಹಾಳೆಗಳನ್ನು ಜೋಡಿಸಿಕೊಂಡು ಓದಲು ಹೊರಟವಳು ತಡೆದಳು.

"ಇದರಲ್ಲಿ ಕೂಗೇ ಇಲ್ಲವಲ್ಲ?" ಅಂದಳು. "ನೆಟ್ಟಗೆ ಶುರುವಾಗಿಬಿಡುತ್ತದೆ. ಬರೆದವರು ಯಾರು? ಯಾರ ಬಳಿಯೂ ಕಲಿಯಲಿಲ್ಲವೇನು?"

ಎಲಿಕೆಂನ ಮುಖ ಇಳಿಯಿತು. ಒಂದು ವರ್ಷ ಕೂಗಿ ಗಂಟಲು ಹರಿದುಕೊಂಡವನು ಪುಸ್ತಕದಲ್ಲಿ ಅದನ್ನೇ ಬಿಟ್ಟಿದ್ದ. ಅಜ್ಜಿ ಏನೂ ಕೇಳದವಳಂತೆ ಬೇವಿನ ಕಡ್ಡಿ ಜಗಿಯುತ್ತಿದ್ದಳು.

"ನೀನೇ ಕೂಗು, ತಾಯಿ," ಅಂದ ಅವನು.

"ಕಥೆ ಬಂದಿದೆ!"

"ಬರಲಿ!"

ನದಿಯ ಮೇಲಿನ ಕೊಕ್ಕರೆಗಳು ಎದ್ದುಹೋದವು.

ಎಸಿನಾಂ ಓದಿದಳು. ಪುಟ ಮುಗಿದಲ್ಲೆಲ್ಲ ನಿಲ್ಲಿಸಿದಳು. "ಆಮೇಲೆ?" ಎಂಬ ಸದ್ದು ಕೇಳದೆ ತಿರುವಲಿಲ್ಲ. ಆಮೆ ಬುದ್ಧಿ ಓಡಿಸಿದಾಗ ಮಕ್ಕಳು ತಮ್ಮದೇ ಬುದ್ಧಿಯೆಂಬಂತೆ ಎದೆಯುಬ್ಬಿಸಿದರು. ಆಚೆ ದಡದ ಒಬ್ಬ, "ನಮ್ಮೂರಲ್ಲಿ ಆಮೆ ಹೀಗೆ ಸುಳ್ಳು ಹೇಳಲ್ಲ, ಪುಸ್ತಕ ತಪ್ಪು!" ಎಂದು ಜಗಳ ತೆಗೆದ. ಎಲಿಕೆಂ ವಾದಿಸಲು ಹೊರಟ. ಅಜ್ಜಿ ಈ ಸಲ ಚಿವುಟಲಿಲ್ಲ, ಬರೀ ನೋಡಿದಳು. ಅವನೇ ಕೂತ.

ಕೊನೆಗೆ "ಈ ಕಥೆಯಿಂದ ನಾವು ಕಲಿಯಬೇಕಾದ ನೀತಿಯೇನೆಂದರೆ" ಎಂಬ ಸಾಲು ಬಂತು. ಅದು ಮುಗಿಯುವುದರೊಳಗೆ ಮಕ್ಕಳೆಲ್ಲ ಎದ್ದು ನೀರಿಗೆ ಹಾರಿದ್ದರು. ಹತ್ತು ಜನ ಆಮೆ, ಹತ್ತು ಜನ ಮೊಸಳೆ.

"ಆ ಸಾಲಿಗೆ ನಾಲ್ಕು ದಿನ ತಲೆ ಕೆಡಿಸಿಕೊಂಡಿದ್ದೆ," ಅಂದ ಎಲಿಕೆಂ.

"ಮೇಕೆಗೆ ಕೊಡಬಹುದಿತ್ತು," ಅಂದಳು ಅಜ್ಜಿ.

ಆ ವಾರ ಪೆಟ್ಟಿಗೆ ಖಾಲಿಯಾಯಿತು. ಆಚೆ ದಡದ ಶಾಲೆಯ ಮೇಷ್ಟರು ಇನ್ನಷ್ಟು ಬೇಕೆಂದು ಹೇಳಿಕಳಿಸಿದರು. ಮೇಲಿನ ಊರಿನ ಶೇಂಗಾದವಳು ಬಂದು, "ನಮಗೂ ಒಂದು ಹರಿದು ಕೊಡಿ," ಎಂದು ಜಿಗ್ಬೋದಿಯೊಂದಿಗೆ ಕಾದಾಡಿದಳು.

ಎಲಿಕೆಂ ದೋಣಿಕಟ್ಟೆಯಲ್ಲಿ ನಿಂತು ಪ್ರಕಾಶಕರಿಗೆ ಫೋನು ಮಾಡಿದ.

"ರದ್ದಿಗೆ ಹಾಕಬೇಡಿ. ಉಗ್ರಾಣದಲ್ಲಿ ಇರುವುದನ್ನೆಲ್ಲ ದೋಣಿಗೆ ಹಾಕಿ ಕಳಿಸಿ."

"ಏನಾಯಿತಪ್ಪಾ? ಹಿಮ ಸುರಿಸಿದಿಯಾ?"

"ಇಲ್ಲ ಸ್ವಾಮಿ," ಅಂದ ಎಲಿಕೆಂ. ಬಹಳ ದಿನದ ಮೇಲೆ ಅವನ ಬೆನ್ನು ನೆಟ್ಟಗಾಗಿತ್ತು. "ಶೇಂಗಾ ಸುರಿದೆವು. ಆಮೆ ಆಮೆಯಾಗಿಯೇ ಇದೆ."

ಮೊದಲ ಮಳೆಯ ಮೋಡ ಕಟ್ಟಿದ ದಿನ ಅವನು ಬೇವಿನ ಮರದ ಕೆಳಗೆ ಹೊಸ ನೋಟುಪುಸ್ತಕ ಬಿಚ್ಚಿ ಕೂತ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ "ಕಥೆ ಬಂದಿದೆ!" ಎಂದು ಬರೆದ. ಕೆಳಗೆ ಅಷ್ಟೇ ಜಾಗ ಖಾಲಿ ಬಿಟ್ಟ. ಅಜ್ಜಿಗೆ ತೋರಿಸಿದ. ಅವಳು ಬರೆದದ್ದನ್ನು ನೋಡಲಿಲ್ಲ. ಖಾಲಿ ಜಾಗವನ್ನು ಬಹಳ ಹೊತ್ತು ನೋಡಿ ತಲೆದೂಗಿದಳು. ಕಲಿತ ಏಳು ವರ್ಷದಲ್ಲಿ ಅವಳು ಒಮ್ಮೆಯಾದರೂ ತಲೆದೂಗಿದ್ದು ಅವನಿಗೆ ನೆನಪಿರಲಿಲ್ಲ.

ಅಷ್ಟರಲ್ಲಿ ಆಚೆ ದಡದಿಂದ, ನೀರು ದಾಟಿ, ಸಣ್ಣ ಸಣ್ಣ ಗಂಟಲುಗಳ ಕೂಗು ಬಂತು.

"ಬರಲೀ!"

ಎಲಿಕೆಂ ಬೆಚ್ಚಿ ತಲೆಯೆತ್ತಿದ.

"ಅಜ್ಜಿ, ನಾವಿನ್ನೂ ಕೂಗಿಯೇ ಇಲ್ಲವಲ್ಲ?"

"ಹಾಗಾದರೆ ತಡ ಮಾಡಿದವನು ನೀನು," ಅಂದಳು ಕೊಸಿವಾ ಅಜ್ಜಿ. "ಪೆನ್ನು ತೆಗೆ."