ಜೋಳದ ಹೊಲದ ರೀಲು

"ಗುರುಗಳೇ, ಉಳಿಸಿಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂದು ತಿಳಿಯುವುದು ಹೇಗೆ?" ಎಂದು ಮೃತ್ಯುಂಜಯ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಗುರುಗಳು ಸಂಜೆ ಹೊತ್ತು ಆಡುವ ಮಾತುಗಳನ್ನು ಅವನು ಮೊಬೈಲಿನಲ್ಲಿ ಹಿಡಿದು ಅಂತರ್ಜಾಲಕ್ಕೆ ಹಾಕುತ್ತಿದ್ದ. ಹಾಕುವ ಮೊದಲು ಕೆಮ್ಮು ತೆಗೆಯುತ್ತಿದ್ದ. ಮಜ್ಜಿಗೆ ಹುಳಿಯಾಯಿತೆಂದು ಅಡುಗೆಯವನನ್ನು ಬೈದದ್ದು, ಬೆಕ್ಕನ್ನು ಗದರಿದ್ದು, ಹೋದ ವಾರ ಹೇಳಿದ ಕತೆಯನ್ನೇ ಈ ವಾರ ತಿರುಗಾಮುರುಗಾ ಮಾಡಿ ಹೇಳಿದ್ದು, ಅದನ್ನೂ ತೆಗೆಯುತ್ತಿದ್ದ. ಒಂದು ಗಂಟೆಯ ಮಾತು ಕಾಲು ಗಂಟೆಗೆ ಇಳಿಯುತ್ತಿತ್ತು. ಕೇಳಿದವರು ಗುರುಗಳನ್ನು ಮಹಾ ಮಿತಭಾಷಿಗಳೆಂದು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ಓದಿಸಿಕೊಂಡು ಅಡುಗೆಯವನು ಹೊಟ್ಟೆ ಹಿಡಿದು ನಕ್ಕಿದ್ದ.

ಈಚೆಗೆ ಗುರುಗಳ ಕೆಮ್ಮು ಹೆಚ್ಚಾಗಿತ್ತು. ತೆಗೆಯುವ ಕೆಲಸವೂ ಹೆಚ್ಚಾಗಿತ್ತು. ಅದಕ್ಕೆ ಮೃತ್ಯುಂಜಯ ಒಂದು ಉಪಾಯ ಕಂಡುಕೊಂಡಿದ್ದ. ಕೆಮ್ಮು ಶುರುವಾದ ಕೂಡಲೇ ಬೆರಳಿನಿಂದ ಧ್ವನಿಮುದ್ರಣವನ್ನು ನಿಲ್ಲಿಸುವುದು, ಮಾತು ಮತ್ತೆ ಹಳಿಗೆ ಬಂದಾಗ ಶುರು ಮಾಡುವುದು. ಆ ಸಂಜೆಯೂ ಮೊಬೈಲು ಅವನ ಕೈಯಲ್ಲೇ ಇತ್ತು.

ಗುರುಗಳು ಗೋಡೆಗೆ ಒರಗಿ ಕಾಲು ಚಾಚಿ, ಒಬ್ಬ ವ್ಯಾಪಾರಿಯ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೋದ ವರ್ಷ ಇದೇ ಕತೆಯಲ್ಲಿ ಅವನು ಬಟ್ಟೆ ವ್ಯಾಪಾರಿಯಾಗಿದ್ದ ಎಂದು ಮೃತ್ಯುಂಜಯ ಮೆಲ್ಲಗೆ ನೆನಪಿಸಿದ. ಬಟ್ಟೆ ಅಂಗಡಿಯಲ್ಲಿ ಸದ್ದಾಗುವುದಿಲ್ಲ, ಕತೆಗೆ ಸದ್ದು ಬೇಕಾಗಿತ್ತು, ಹಾಗಾಗಿ ಅಂಗಡಿ ಬದಲಿಸಿದ್ದೇನೆ ಎಂದು ಹೇಳಿ ಗುರುಗಳು ಮುಂದುವರಿದರು.

ಪಾತ್ರೆ ಅಂಗಡಿ ಎಂದರೆ ದಿನವಿಡೀ ಗದ್ದಲ. ಕೊಳ್ಳುವವರು ಕೊಡವನ್ನು ಬಡಿದು ನೋಡುತ್ತಾರೆ. ಕೊಳ್ಳದೆ ಹೋಗುವವರು ಇನ್ನೂ ಜೋರಾಗಿ ಬಡಿಯುತ್ತಾರೆ. ಬಾಗಿಲು ಹಾಕಿ ಮನೆಗೆ ಬಂದರೂ ವ್ಯಾಪಾರಿಯ ಕಿವಿಯೊಳಗೆ ಠಣ್ ಠಣ್ ನಿಲ್ಲುತ್ತಿರಲಿಲ್ಲ. ಆ ಕಿವಿಗೆ ಅವನು ಮಾಡಿಕೊಂಡ ಔಷಧಿ ಸಂಗೀತ.

ಹರೆಯದಲ್ಲಿ ಅವನು ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಮಠದಿಂದ ಮಠಕ್ಕೆ ಅಲೆದಿದ್ದ. ದೊಡ್ಡ ಗಾಯಕರನ್ನು ಹಿಡಿದಿಡಲು ರೇಡಿಯೊ ಇತ್ತು, ಕಂಪನಿಗಳಿದ್ದವು. ಅವನು ಹಿಡಿದದ್ದು ಯಾರೂ ಹಿಡಿಯದವರನ್ನು. ಒಂದು ಊಟ, ಒಂದು ಶಾಲು, ಬಸ್ಸಿನ ಖರ್ಚಿಗೆ ಹಾಡಿ ಹೋಗುವವರನ್ನು. ಅಂಥವರಲ್ಲಿ ಪಂಪಯ್ಯ ಗವಾಯಿ ಒಬ್ಬರು. ಹೆಸರು ಬರುವ ಮೊದಲೇ ಅವರಿಗೆ ಜ್ವರ ಬಂತು, ಅದರಲ್ಲೇ ತೀರಿಕೊಂಡರು. ಅವರು ಹಾಡಿದ್ದರು ಎನ್ನುವುದಕ್ಕೆ ಉಳಿದ ಗುರುತೆಂದರೆ ವ್ಯಾಪಾರಿಯ ಅಟ್ಟದ ಮೇಲಿನ ಕ್ಯಾಸೆಟ್ಟುಗಳು, ಅಲ್ಲಿ ಇಲ್ಲಿ ಇನ್ನೊಬ್ಬರ ಹತ್ತಿರ ಇದ್ದ ಒಂದೆರಡು.

ಮುಂದೆ ಅಂತರ್ಜಾಲ ಬಂತು. ಹೆಸರಿಲ್ಲದ ಗಾಯಕರ ಹಿಂದೆ ಬಿದ್ದ ಹುಚ್ಚ ತಾನೊಬ್ಬನೇ ಅಲ್ಲ ಎಂದು ವ್ಯಾಪಾರಿಗೆ ಗೊತ್ತಾದದ್ದು ಆಗ. ರತ್ನಾಗಿರಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದ. ನಾಗಪುರದಲ್ಲಿ ಒಬ್ಬ ರೈಲ್ವೆ ಗಾರ್ಡು ಇದ್ದ. ಇನ್ನೂ ಎಲ್ಲೆಲ್ಲೋ ಇದ್ದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ತಮ್ಮ ತಮ್ಮ ಹತ್ತಿರ ಇದ್ದ ಸಂಗೀತ ಕಚೇರಿಗಳ ಧ್ವನಿಮುದ್ರಣಗಳನ್ನು ಅಲ್ಲಿ ಹಾಕುತ್ತಿದ್ದರು, ಇನ್ನೊಬ್ಬರದನ್ನು ಕೇಳುತ್ತಿದ್ದರು, ಹಬ್ಬದ ದಿನ ಊಟ ಬಿಟ್ಟು ಕೇಳುತ್ತಿದ್ದರು. ಅದರಲ್ಲಿ ಯಾರಿಗೂ ಲಾಭವಿರಲಿಲ್ಲ. ಪ್ರೀತಿಯೇ ಇತ್ತು. ಇದನ್ನು ನೆನಪಿಡು ಎಂದರು ಗುರುಗಳು. ಇದು ಕೆಟ್ಟವರ ಕತೆಯಲ್ಲ.

ವ್ಯಾಪಾರಿ ಬರಿದೇ ಹಾಕುವವನಲ್ಲ, ತೊಳೆದು ಹಾಕುವವನು. ಮಾರುವ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜುವಂತೆ ಅವನು ಒಂದೊಂದು ಕಚೇರಿಯನ್ನೂ ಉಜ್ಜುತ್ತಿದ್ದ. ತಂಬೂರಿ ಶ್ರುತಿ ಮಾಡುವುದು, ಗವಾಯಿಗಳು ಗಂಟಲು ಸರಿಮಾಡಿಕೊಳ್ಳುವುದು, ನೀರು ಕೇಳುವುದು, ತಬಲಾದವನನ್ನು ಛೇಡಿಸುವುದು, ಮುಂದೆ ಕೂತ ಮುದುಕರು ವಾಹ್ವಾ ಎನ್ನುವುದು, ಹಿಂದೆ ಕೂಸುಗಳು ಅಳುವುದು, ಇವೆಲ್ಲ ಅವನಿಗೆ ಕಸ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿ ಕತ್ತರಿಸಿ ತೆಗೆದು, ಈಚೆಯ ಉಸಿರಿಗೆ ಆಚೆಯ ಉಸಿರನ್ನು ಸೇರಿಸಿಬಿಡುತ್ತಿದ್ದ. ಬೆಸುಗೆ ಎಲ್ಲಿದೆ ಎಂದು ದೇವರು ಬಂದು ತಡವಿದರೂ ಸಿಗುತ್ತಿರಲಿಲ್ಲ.

ಗವಾಯಿಗಳು ಖಾಲಿ ಮನೆಯಲ್ಲಿ ಕುಳಿತು ತನ್ನೊಬ್ಬನಿಗೇ ಹಾಡಿದಂತಿದೆ ಎಂದು ಒಬ್ಬ ಅಭಿಮಾನಿ ಬರೆದ. ವ್ಯಾಪಾರಿ ಅದನ್ನು ಹೆಂಡತಿಗೆ ಓದಿ ಹೇಳಿದ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲವಾಗಿ, ಚಮಚ ಕೊಳ್ಳಲು ಬಂದವರಿಗೂ ಓದಿ ಹೇಳಿದ. ಹಲ್ಲಿನ ಡಾಕ್ಟರು, ರೈಲ್ವೆ ಗಾರ್ಡು ತಮ್ಮಲ್ಲಿದ್ದ ಗವಾಯಿಗಳ ಕಚೇರಿಗಳನ್ನೂ ತೊಳೆದುಕೊಡಲು ಇವನಿಗೆ ಕಳಿಸಿದರು. ತೊಳೆದದ್ದು ಕೈಗೆ ಬಂದ ಮೇಲೆ ತಮ್ಮ ಹಳೆಯದನ್ನು ಅಳಿಸಿದರು. ಹೊಳೆಯುವ ತಂಬಿಗೆ ಸಿಕ್ಕ ಮೇಲೆ ಮಸಿ ಹಿಡಿದದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ?

ವ್ಯಾಪಾರಿಯೂ ಇಟ್ಟುಕೊಳ್ಳಲಿಲ್ಲ. ಒಂದು ದಿನ ಪಕ್ಕದ ಹಳ್ಳಿಯ ರೈತನೊಬ್ಬ ಕೊಡ ಕೊಳ್ಳಲು ಬಂದ. ಜೋಳ ಹಾಲುದುಂಬಿದೆ, ಹಕ್ಕಿಗಳ ಕಾಟ ವಿಪರೀತ, ಹಳೆ ಕ್ಯಾಸೆಟ್ಟುಗಳಿದ್ದರೆ ಕೊಡಿ ಎಂದ. ರೀಲನ್ನು ಹೊರಗೆಳೆದು ಕಂಬದಿಂದ ಕಂಬಕ್ಕೆ ಬಿಗಿದರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ವ್ಯಾಪಾರಿ ಅಟ್ಟದಿಂದ ರಟ್ಟಿನ ಪೆಟ್ಟಿಗೆಯನ್ನು ಇಳಿಸಿ ಹಾಗೆಯೇ ಕೊಟ್ಟುಬಿಟ್ಟ. ಅಟ್ಟ ಖಾಲಿಯಾಯಿತೆಂದು ಹೆಂಡತಿ ಅವತ್ತು ಶಾವಿಗೆ ಪಾಯಸ ಮಾಡಿದಳು.

ಇಲ್ಲಿಗೆ ಬಂದಾಗ ಗುರುಗಳಿಗೆ ಕೆಮ್ಮು ಹತ್ತಿತು. ಮೃತ್ಯುಂಜಯನ ಬೆರಳು ತಾನಾಗಿ ಸರಿದು ಧ್ವನಿಮುದ್ರಣವನ್ನು ನಿಲ್ಲಿಸಿತು. ನಿಂತಿತೋ ಇಲ್ಲವೋ ಎಂದು ಅವನು ಮೊಬೈಲನ್ನೇ ನೋಡುತ್ತಿದ್ದಾಗ ಗುರುಗಳು ಅವನನ್ನು ಕರೆದು ನೀರು ಕೇಳಿದರು. ಅವನು ತಂಬಿಗೆ ಕೊಟ್ಟ. ಕುಡಿದು ಬಾಯಿ ಒರೆಸಿಕೊಂಡು, ಎಲ್ಲಿಯವರೆಗೆ ಬಂದಿದ್ದೆ ಎಂದು ಕೇಳಿದರು. ರೈತ ರೀಲು ಒಯ್ದ ಎಂದು ಹೇಳಿ ಅವನು ಧ್ವನಿಮುದ್ರಣವನ್ನು ಮತ್ತೆ ಶುರು ಮಾಡಿದ.

ಹಾಂ, ರೈತ ರೀಲು ಒಯ್ದ. ಒಯ್ದು ಇನ್ನೊಂದು ಬೆಳೆ ಬರುವ ಹೊತ್ತಿಗೆ ಒಬ್ಬ ಹೆಂಗಸು ವ್ಯಾಪಾರಿಯ ಮನೆ ಹುಡುಕಿಕೊಂಡು ಬಂದಳು. ನಡುವಯಸ್ಸಿನವಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ತಾನು ಪಂಪಯ್ಯ ಗವಾಯಿಗಳ ಮಗಳು ಎಂದಳು.

ವ್ಯಾಪಾರಿ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಕುರ್ಚಿ ಹಾಕಿ ಕೂರಿಸಿದ, ಚಹಾ ಮಾಡಿಸಿದ, ಜಗತ್ತಿನ ಯಾವ ಯಾವ ಮೂಲೆಯಲ್ಲಿ ಅವಳ ತಂದೆಯ ಹಾಡನ್ನು ಕೇಳುತ್ತಿದ್ದಾರೆ ಎಂದು ತೋರಿಸಿದ. ಅವಳು ಎಲ್ಲವನ್ನೂ ನೋಡಿದಳು. ಕೈ ಮುಗಿದಳು. ಆಮೇಲೆ ಬಂದ ಕೆಲಸ ಹೇಳಿದಳು.

ತಂದೆ ಹೋದಾಗ ಅವಳಿನ್ನೂ ತೊದಲುವ ಕೂಸು. ಅದಕ್ಕೆ ಕೆಲವು ತಿಂಗಳ ಮೊದಲು ಒಂದು ಮಠದಲ್ಲಿ ಕಚೇರಿ ನಡೆದಿತ್ತು. ಅವ್ವನ ತೊಡೆಯ ಮೇಲಿದ್ದ ಇವಳು ನಡು ಹಾಡಿನಲ್ಲಿ ಚೀರಿ ಅಳತೊಡಗಿದಳು. ಗವಾಯಿಗಳು ಹಾಡು ನಿಲ್ಲಿಸಿ, ಮೈಕಿನಲ್ಲೇ ಮಗಳನ್ನು ಕರೆದು ಸಮಾಧಾನ ಮಾಡಿದರು. ಸಭೆಯೆಲ್ಲ ನಕ್ಕಿತು. ಇವಳೂ ಸುಮ್ಮನಾದಳು. ಮಗಳನ್ನು ಕರೆಯಲು ಅವರಿಗೆ ಒಂದು ಹೆಸರಿತ್ತು. ಶಾಲೆಯಲ್ಲಿ ಹಚ್ಚಿದ ಹೆಸರಲ್ಲ, ಅವರೇ ಇಟ್ಟುಕೊಂಡದ್ದು. ಯಾವುದು ಎಂದು ಎಷ್ಟು ಸಲ ಕೇಳಿದರೂ ಅವ್ವ ಬಾಯಿ ಬಿಡುತ್ತಿರಲಿಲ್ಲ. ಅದು ಅವರ ಬಾಯಲ್ಲೇ ಚಂದ, ನಾನು ಅಂದರೆ ಕೆಡುತ್ತದೆ ಎನ್ನುತ್ತಿದ್ದಳು. ಹೇಳದೆಯೇ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಆ ಕಚೇರಿಯನ್ನು ನೀವು ಹಿಡಿದಿದ್ದೀರಿ ಎಂದು ಗೊತ್ತಾಯಿತು, ಅದಕ್ಕೇ ಬಂದೆ ಎಂದಳು.

"ಹಾಡು ಎಲ್ಲಾರಿಗೂ ಹಾಡ್ಯಾರ್ರಿ, ಸಾವುಕಾರ್ರ. ನನಗಂತ ಅಂದದ್ದು ಅದೊಂದ ಮಾತು."

ವ್ಯಾಪಾರಿಗೆ ಆ ಕಚೇರಿ ಚೆನ್ನಾಗಿ ನೆನಪಿತ್ತು. ಕೂಸಿನ ಅಳುವೂ ನೆನಪಿತ್ತು. ಅವನು ಮಾಡಿದ ಬೆಸುಗೆಗಳಲ್ಲೆಲ್ಲ ಅತಿ ನಯವಾದದ್ದು ಅದೇ. ಕಚೇರಿಯನ್ನು ಹಾಕಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಹಾಡು ಏರಿತು, ಇಳಿಯಿತು, ಮುಗಿಯಿತು. ನಾನು ಅತ್ತದ್ದು ಎಲ್ಲಿ ಎಂದು ಕೇಳಿದಳು. ಅವನು ಇನ್ನೊಮ್ಮೆ ಹಾಕಿ, ಬೆರಳೆತ್ತಿ, ಇಲ್ಲಿ ಎಂದ. ಅಲ್ಲೇನೂ ಇರಲಿಲ್ಲ. ಅಲ್ಲ, ಇನ್ನೂ ಸ್ವಲ್ಪ ಮುಂದೆ, ಇಲ್ಲಿ ಎಂದ. ಅಲ್ಲಿಯೂ ಇರಲಿಲ್ಲ. ತಾನು ಬೆಸೆದ ಜಾಗ ಅವನಿಗೇ ಸಿಗಲಿಲ್ಲ.

ಆಗ ನಿಜ ಹೇಳಬೇಕಾಯಿತು. ಕತ್ತರಿಸಿ ತೆಗೆದದ್ದನ್ನು ಅವನು ಎಲ್ಲಿಯೂ ಇಟ್ಟಿರಲಿಲ್ಲ. ಅವಳು ಸಿಟ್ಟಾಗಲಿಲ್ಲ. ಅದು ಹೋದರೆ ಹೋಗಲಿ, ಬೇರೆ ಯಾವುದಾದರೂ ಕಚೇರಿಯಲ್ಲಿ ನೀರು ಕೇಳಿದ್ದೋ ತಬಲಾದವನನ್ನು ಬೈದದ್ದೋ ಇದ್ದರೂ ಸಾಕು, ಮಾತಿನ ದನಿ ಹೇಗಿತ್ತು ಎಂದಾದರೂ ತಿಳಿಯುತ್ತದೆ ಎಂದಳು. ವ್ಯಾಪಾರಿ ಅಲ್ಲೇ ಕುಳಿತು ಬಳಗಕ್ಕೆಲ್ಲ ಬರೆದು ಕೇಳಿದ. ಉತ್ತರಗಳು ಬೇಗನೆ ಬಂದವು, ಎಲ್ಲದರಲ್ಲೂ ಗೌರವ ತುಂಬಿತ್ತು. ಇರುವುದೆಲ್ಲ ನೀವು ತೊಳೆದುಕೊಟ್ಟದ್ದೇ, ಹಳೆಯದನ್ನು ಇಟ್ಟುಕೊಂಡಿಲ್ಲ ಎಂದು ಎಲ್ಲರೂ ಬರೆದಿದ್ದರು. ಒಬ್ಬ, ಅದಕ್ಕಿಂತ ಚೊಕ್ಕಟವಾದದ್ದು ನಿಮಗೆ ಇನ್ನೆಲ್ಲಿ ಸಿಕ್ಕೀತು ಎಂದೂ ಸೇರಿಸಿದ್ದ.

ಅಷ್ಟರಲ್ಲಿ ವ್ಯಾಪಾರಿಯ ಮಗಳ ಫೋನು ಬಂತು. ಆಮೇಲೆ ಮಾತಾಡುತ್ತೇನೆ ಬಂಗಾರಿ ಎಂದು ಹೇಳಿ ಇಟ್ಟುಬಿಟ್ಟ. ಗವಾಯಿಗಳ ಮಗಳು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದಳು. ಇತ್ತ ತಿರುಗಿ, ಮೂಲ ಕ್ಯಾಸೆಟ್ಟು ಎಲ್ಲಿದೆ ಎಂದು ಕೇಳಿದಳು.

ಇಬ್ಬರೂ ರೈತನ ಹೊಲಕ್ಕೆ ಹೋದರು. ಜೋಳ ತೆನೆ ಬಿಟ್ಟಿತ್ತು. ಕಂಬದಿಂದ ಕಂಬಕ್ಕೆ ರೀಲು ಬಿಗಿದಿತ್ತು. ಹೋದ ಬೆಳೆಯದೇ, ತೆಗೆಯದೆ ಹಾಗೆಯೇ ಬಿಟ್ಟದ್ದು. ಮಳೆಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಮೇಲಿನ ಬಣ್ಣವೆಲ್ಲ ಉದುರಿ, ಕೆಲವು ಕಡೆ ಬರೀ ತೆಳ್ಳನೆಯ ಹಾಳೆಯಾಗಿತ್ತು. ಯಾವ ಸಾಲು ಯಾವ ಕಚೇರಿಯದು ಎಂದು ಹೇಳುವವರಿಲ್ಲ. ರೈತ ಮಾತ್ರ ಖುಷಿಯಿಂದ ಎದುರು ಬಂದ. ಭಾಳ ಚಲೋ ರೀಲು, ಗಾಳಿ ಬಿಟ್ಟರೆ ಹೊಲದಾಗ ಯಾರೋ ಇದ್ದಾಂಗ ಅನಿಸುತ್ತದೆ, ಒಂದು ಗಿಣಿಯೂ ಇಳಿಯುವುದಿಲ್ಲ ಎಂದ.

ಗಾಳಿ ಬಿಟ್ಟಿತು. ರೀಲು ಗುಂಯ್ ಎಂದಿತು. ಅವಳು ಒಂದು ಕಂಬದ ಹತ್ತಿರ ಹೋಗಿ ರೀಲಿಗೆ ಕಿವಿ ಕೊಟ್ಟು ನಿಂತಳು. ಗಾಳಿ ನಿಂತಿತು. ಅವಳು ಕಿವಿ ತೆಗೆಯಲಿಲ್ಲ. ಮತ್ತೆ ಗಾಳಿ ಬಿಟ್ಟಿತು. ವ್ಯಾಪಾರಿ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಚಪ್ಪಲಿ ಯಾಕೆ ಬಿಟ್ಟ ಎಂದು ಅವನಿಗೇ ಗೊತ್ತಿರಲಿಲ್ಲ.

ಅವಳು ತಿರುಗಿ ಬಂದು ಅವನ ಮುಂದೆ ನಿಂತಳು.

"ಕತ್ತರಿಸೂ ಮೊದಲ ನೀವು ಕೇಳೀರಲ್ಲ. ಆ ಮಾತು ಕೇಳಿದವರು ನನಗ ಗೊತ್ತಿದ್ದಾಂಗ ಈಗ ನೀವೊಬ್ಬರ ಉಳಿದೀರಿ. ನನ್ನ ಏನಂತ ಕರದ್ರು?"

ವ್ಯಾಪಾರಿ ನೆನಪನ್ನು ತಡಕಾಡಿದ. ಗವಾಯಿಗಳ ಒಂದೊಂದು ತಾನವೂ ಅವನ ನಾಲಿಗೆಯ ಮೇಲಿತ್ತು. ಯಾವ ಊರಲ್ಲಿ ಯಾವ ಸ್ವರ ಜಾರಿತ್ತು ಎಂಬುದೂ ನೆನಪಿತ್ತು. ಆ ಮಾತು ಮಾತ್ರ ನೆನಪಿರಲಿಲ್ಲ. ಕಸ ಎಂದುಕೊಂಡು ಕೇಳಿದ್ದ. ಎದುರಿಗೆ ಅವಳ ಮುಖವಿತ್ತು. ಬರಿಗೈಯಲ್ಲಿ ಹೇಗೆ ಕಳಿಸುವುದು? ಅವನ ಜಾಗದಲ್ಲಿ ನಾನಿದ್ದರೂ ಸುಳ್ಳನ್ನೇ ಹೇಳುತ್ತಿದ್ದೆ ಎಂದರು ಗುರುಗಳು. ನಾನಾದರೆ ಇನ್ನೂ ಉದ್ದದ್ದು ಹೇಳುತ್ತಿದ್ದೆ.

"ಬಂಗಾರಿ ಅಂದ್ರು" ಎಂದ ವ್ಯಾಪಾರಿ. "ಅಳಬ್ಯಾಡ ಬಂಗಾರಿ ಅಂದ್ರು."

ಅವಳು ಅವನನ್ನೇ ನೋಡಿದಳು. ಮೆಲ್ಲಗೆ ನಕ್ಕಳು.

"ಅದು ನಿಮ್ಮ ಮಗಳ ಹೆಸರ್ರಿ. ಅಕೀಗೆ ಇರ್ಲಿ."

ಅವನು ತಲೆ ತಗ್ಗಿಸಿದ. ರೈತನಿಗೆ ಏನು ಅರ್ಥವಾಯಿತೋ, ಬೇಕಿದ್ದರೆ ರೀಲನ್ನೆಲ್ಲ ಬಿಚ್ಚಿಕೊಂಡು ಹೋಗು ತಂಗಿ ಎಂದ. ಅವಳು ಬೇಡವೆಂದಳು. ಬಿಚ್ಚಿದರೆ ಹಕ್ಕಿ ಬರುತ್ತವೆ ಎಂದಳು. ಒಂದು ಕಡೆ ತುಂಡಾಗಿ ಜೋತಾಡುತ್ತಿದ್ದ ತುದಿಯನ್ನು ಹಿಡಿದು, ಎಳೆದು, ಕಂಬಕ್ಕೆ ಬಿಗಿದು ಗಂಟು ಹಾಕಿದಳು. ಬಸ್ಸಿಗೆ ಹೊತ್ತಾಗಿತ್ತು, ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಹೋದ ವರ್ಷದ ಕತೆಯಲ್ಲಿ ಅವಳಿಗೆ ಆ ಮಾತು ಕೊನೆಗೆ ಸಿಕ್ಕಿತ್ತಲ್ಲ ಎಂದು ಮೃತ್ಯುಂಜಯ ತಡೆಯಲಾರದೆ ಕೇಳಿದ. ಆಗ ನನಗೆ ಆರೋಗ್ಯ ಚೆನ್ನಾಗಿತ್ತು ಎಂದರು ಗುರುಗಳು.

ಮೃತ್ಯುಂಜಯ ಕಣ್ಣು ಒರೆಸಿಕೊಂಡ. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದ. ಈ ಕತೆಯಿಂದ ಒಂದು ಅಕ್ಷರವನ್ನೂ ತೆಗೆಯುವುದಿಲ್ಲ, ಬೆಕ್ಕು ಕೂಗಿದ್ದರೆ ಅದನ್ನೂ ಸೇರಿಸಿ ಇಡಿಯಾಗಿ ಹಾಕುತ್ತೇನೆ ಎಂದು ಮಾತು ಕೊಟ್ಟ. ಗುರುಗಳು ಅವನ ಕೈಯಲ್ಲಿದ್ದ ಮೊಬೈಲನ್ನು ನೋಡಿದರು. ಆಮೇಲೆ ಅವನ ಮುಖವನ್ನು ನೋಡಿದರು.

"ನಡುವೆ ನೀರು ಕೇಳಿದೆನಲ್ಲ, ಆಗ ನಿನ್ನನ್ನು ಏನೆಂದು ಕರೆದೆ?"