ಸಾಲು ದಾಟಿದ ಪ್ರವಚನ

೨೦೦೯ರ ಫೆಬ್ರವರಿ ಹನ್ನೊಂದು, ಬುಧವಾರ. ಹೊಳೆಯ ಮೇಲೆ ತೆಳ್ಳಗೆ ಮಂಜಿತ್ತು. ಗಾಳಿ ಇರಲಿಲ್ಲ.

ತುಂಗಭದ್ರೆಯ ದಂಡೆಯ ಒಂದು ಆಶ್ರಮದಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು, ಪ್ರಿಂಟರ್ ಒಂದೇ. ಅಡುಗೆಮನೆ, ಶಾಲೆ, ಕಣ್ಣಿನ ದವಾಖಾನೆ, ಗುರುಗಳ ಕೋಣೆ, ಎಲ್ಲಿಂದ ಕಳಿಸಿದರೂ ಅಲ್ಲಿಯೇ ಅಚ್ಚಾಗಬೇಕು.

ನಾಲ್ಕನ್ನೂ ಜೋಡಿಸಿ ಒಂದು ಸಾಲು ಕಟ್ಟುವಂತೆ ನಿಜಾನಂದ ಗುರುಗಳು ಶಿಷ್ಯ ವಿರುಪಣ್ಣನಿಗೆ ಹೇಳಿದ್ದರು. ಅವನು ಎರಡು ವಾರ ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಪುಸ್ತಕ ಓದಿದ. ಮೊದಲು ಬಂದ ಕಾಗದ ಮೊದಲು ಅಚ್ಚಾಗುವಂತೆ ಸಾಲು ಸಿದ್ಧವಾಯಿತು.

ಕೊನೆಗೆ ತಾನಾಗಿ ಒಂದನ್ನು ಸೇರಿಸಿದ. ಯಂತ್ರ ಎಲ್ಲರ ಕಾಗದಕ್ಕೂ ಐವತ್ತು ಎಂಬ ಅಂಕಿ ಕೊಡುತ್ತಿತ್ತು. ಗುರುಗಳ ಕೋಣೆಯದಕ್ಕೆ ನೂರು ಎಂದು ಬರೆದ. ನೂರು ಬಂದರೆ ಐವತ್ತು ಹಿಂದೆ ನಿಲ್ಲುತ್ತದೆ. ಇದನ್ನು ಯಾರಿಗೂ ಹೇಳಲಿಲ್ಲ.

ಆ ಬುಧವಾರ ಬೆಳಿಗ್ಗೆ ಹುಲಿಗೆಮ್ಮ ಎಂಬ ಮುದುಕಿ ಎಡಗಣ್ಣು ಒತ್ತಿಕೊಂಡು ದವಾಖಾನೆಗೆ ಬಂದರು. ಕಣ್ಣಿನೊಳಗಿನ ಒತ್ತಡ ಏರಿದೆ, ಹನ್ನೆರಡರ ಬಸ್ಸಿಗೆ ಜಿಲ್ಲಾ ಆಸ್ಪತ್ರೆಗೆ ಹೊರಡದಿದ್ದರೆ ಕಣ್ಣು ಉಳಿಯುವುದು ಕಷ್ಟ ಎಂದರು ಡಾಕ್ಟರು. ದವಾಖಾನೆಯ ಚೀಟಿ ಇಲ್ಲದೆ ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಚೀಟಿಯನ್ನು ಪ್ರಿಂಟರಿಗೆ ಕಳಿಸಿ ಡಾಕ್ಟರು ಮುಂದಿನ ಹಳ್ಳಿಗೆ ಹೋದರು.

ಅಡುಗೆಮನೆಯ ಪಟ್ಟಿ ಅಚ್ಚಾಗುತ್ತಿತ್ತು. ಅದರ ಹಿಂದೆಯೇ ಚೀಟಿ ನಿಂತಿತ್ತು. ಅಷ್ಟರಲ್ಲಿ ಗುರುಗಳು ತಮ್ಮ ಪ್ರವಚನ ಕಳಿಸಿದರು. ಇನ್ನೂರ ಹನ್ನೆರಡು ಪುಟ.

ಹುಲಿಗೆಮ್ಮ ಪ್ರಿಂಟರಿನ ಪಕ್ಕ ನೆಲದ ಮೇಲೆ ಕುಳಿತರು.

"ತಮ್ಮಾ, ನಿನ್ನ ಪೆಟ್ಟಿಗೆಗೆ ಹೇಳು. ಬಸ್ಸು ನನ್ನ ಬೀಗನದಲ್ಲ, ಕಾಯಕ್ಕೆ."

ವಿರುಪಣ್ಣ ನಕ್ಕು, ಇನ್ನೇನು ಬರುತ್ತದೆ ಎಂದ. ಪ್ರವಚನವನ್ನು ನಿಲ್ಲಿಸುವುದು ಅವನಿಗೆ ಗೊತ್ತಿತ್ತು. ಗುರುಗಳ ಮಾತನ್ನು ನಡುವೆ ತುಂಡರಿಸಲು ಕೈ ಬರಲಿಲ್ಲ.

ಹನ್ನೆರಡೂವರೆಗೆ ಗುರುಗಳು ಪುಟಗಳನ್ನು ಒಯ್ಯಲು ಬಂದರು. ಮುದುಕಿಯನ್ನು ನೋಡಿದರು, ವಿಷಯ ಕೇಳಿದರು, ಪರದೆಯ ಮೇಲಿನ ಅಂಕಿಗಳನ್ನು ಓದಿದರು.

"ಈ ನೂರು ಯಾರು ಬರೆದದ್ದು?"

"ನಾನೇ, ಬುದ್ಧಿ. ದಾರಿಯಲ್ಲಿ ತಾವು ಬಂದರೆ ಎಲ್ಲರೂ ಪಕ್ಕಕ್ಕೆ ಸರಿಯುತ್ತೇವೆ. ಯಂತ್ರಕ್ಕೂ ಅದನ್ನೇ ಕಲಿಸಿದೆ."

"ದಾರಿಯಲ್ಲಿ ಸರಿದವರು ನನಗೆ ಕಾಣುತ್ತಾರೆ. ಬೇಡ, ನೀವು ನಡೀರಿ ಅನ್ನಬಹುದು. ಇಲ್ಲಿ ಯಾರನ್ನು ದಾಟಿ ಬಂದೆನೆಂದು ನನಗೆ ಹೇಳುವವರು ಯಾರು?"



ಗುರುಗಳು ಪುಟಗಳನ್ನು ಮುಟ್ಟಲಿಲ್ಲ. ಕೊನೆಗೆ ಅಚ್ಚಾಗಿ ಬಂದ ಚೀಟಿ ತೆಗೆದುಕೊಂಡು, ಹುಲಿಗೆಮ್ಮನವರ ತೋಳು ಹಿಡಿದು ರಸ್ತೆಗೆ ನಡೆದರು. ಎರಡು ಗಂಟೆ ಕಾದ ಮೇಲೆ ಒಂದು ಲಾರಿ ನಿಂತಿತು.

ಐದನೆಯ ದಿನ ಗುರುಗಳು ಒಬ್ಬರೇ ಹಿಂತಿರುಗಿದರು. ವಿರುಪಣ್ಣ ಕಾಲಿಗೆ ನೀರು ಕೊಟ್ಟ. ಅಂಕಿಯನ್ನು ಅಳಿಸಿದ್ದೇನೆ, ಈಗ ತಾವೂ ಐವತ್ತೇ ಎಂದ. ಗುರುಗಳು ಕಾಲು ತೊಳೆದರು.

ಅವನು ಕೇಳಿದ: "ಅಜ್ಜಿ?"

"ಎಡಗಣ್ಣು ಹೋಯಿತು," ಎಂದರು ಗುರುಗಳು. "ಯಾಕೆ ತಡವಾಯಿತೆಂದು ಅಲ್ಲಿನ ಡಾಕ್ಟರು ಕೇಳಿದರು. ನನ್ನ ಪ್ರವಚನ ಅಚ್ಚಾಗುತ್ತಿತ್ತು ಅಂದೆ."