ಮುಟ್ಟದ್ದನ್ನು ತೆಗೆದುಹಾಕಿದ ಮುದಕಪ್ಪ

ನಗುವುದಿದ್ದರೆ ಕೊನೆಗೆ ನಗಿ. ನಡುವೆ ನಕ್ಕರೆ ನನಗೆ ಕತೆ ಮರೆಯುತ್ತದೆ.

ಒಂದೂರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ಒಬ್ಬನೇ ಮಗ, ಮುದಕಪ್ಪ. ಹೇಳಿದ ಮಾತು ಮೀರುವವನಲ್ಲ, ಅದೇ ಅವಳ ಸಂಕಟ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಮೂರು ಕಡೆ ಕೆಲಸ ಕಳಕೊಂಡಿದ್ದ.

ಆ ಊರಿಗೆ ಎಂಟು ದಿನಕ್ಕೊಮ್ಮೆ ನಲ್ಲಿ ನೀರು. ಯಾವ ಹೊತ್ತಿಗೆ ಬರುತ್ತದೋ ದೇವರಿಗೂ ಗೊತ್ತಿಲ್ಲ. ಮಹಾನಂದಕ್ಕ ಅನ್ನುವ ಜಾಣೆ ಅದಕ್ಕೊಂದು ಪ್ರೋಗ್ರಾಂ ಬರೆದಳು. ನೀರು ಬಿಡುವವನು ಅವಳಿಗೆ ಹೊತ್ತು ಹೇಳಿದರೆ ಸಾಕು, ಅದಕ್ಕೆ ಒಂದು ತಾಸು ಮೊದಲು ಮನೆಮನೆಯ ಮೊಬೈಲಿಗೆ ಸುದ್ದಿ ಹೋಗಬೇಕು. ಫಕೀರವ್ವ ಅವಳ ಬಾಗಿಲಿಗೆ ಹೋಗಿ ನಿಂತಳು.

"ನನ್ನ ಮಗನ್ನ ಇಟ್ಗೋ ತಂಗಿ. ಕಂಪ್ಯೂಟರ್ ಕಲ್ತಾನ. ಬುದ್ಧಿ ಒಂದು ನೀ ಹೇಳು."

"ಮೂರು ಸರದಿ ನೀರು ನೋಡ್ತೀನಿ ಅವ್ವ. ಪಾಸಾದ್ರ ಕಾಯಂ, ಇಲ್ಲಾಂದ್ರ ಮನಿಗೆ."

ಮುದಕಪ್ಪ ಹೋಗಿ ನೋಡುತ್ತಾನೆ, ಅಕ್ಕನ ಕಂಪ್ಯೂಟರಿನಲ್ಲಿ ಏನೂ ಇಲ್ಲ. ಕರಿ ಪರದೆ, ಹಸಿರು ಅಕ್ಷರ. ಮೌಸ್ ಇಲ್ಲ, ಚಿತ್ರ ಇಲ್ಲ. ಪ್ರೋಗ್ರಾಂ ಬರೆಯುವುದಕ್ಕೆ ಒಂದು ಜಾಗ, ಓಡಿಸುವುದಕ್ಕೆ ಒಂದು ಜಾಗ, ಅಷ್ಟೇ. ಅದಕ್ಕೆ ಟರ್ಮಿನಲ್ ಅನ್ನುತ್ತಾರಂತೆ. ಅಕ್ಕ ಪ್ರೋಗ್ರಾಂ ಬರೆಯುತ್ತಿದ್ದ ಭಾಷೆಯೋ, ಹುಟ್ಟಿ ಎರಡೇ ವರ್ಷ. ಇನ್ನೂ ಹಾಲುಹಲ್ಲಿನ ಕೂಸು, ವಾರಕ್ಕೊಮ್ಮೆ ಮಾತು ಬದಲಿಸುತ್ತಿತ್ತು. ಪಾಪ ಅನ್ನಿಸಿತು ಮುದಕಪ್ಪನಿಗೆ. ಆ ಕರಿ ಪರದೆಯ ಮೇಲೆ ಗಡಿಯಾರ ಕೂರಿಸಿದ, ಹೂವಿನ ಬಳ್ಳಿ ಹಬ್ಬಿಸಿದ, ಮೂರು ಬಂಗಾರದ ಮೀನು ಬಿಟ್ಟ. ಹಳೇ ಯಂತ್ರ, ಮೀನಿನ ಭಾರಕ್ಕೇ ಕೂತುಬಿಟ್ಟಿತು.

"ಇವನ್ನೆಲ್ಲ ಯಾಕ ಹಾಕ್ದಿ?"

"ಬಡವರ ಮನಿ ಹಂಗ ಕಾಣ್ತಿತ್ತಕ್ಕ."

"ಕೆಲಸಕ್ಕ ಬೇಕಾದ್ದಷ್ಟ ಇರಬೇಕು. ನಾಕು ದಿನ ಯಾರೂ ಮುಟ್ಟಲಾರದ್ದು ಇದ್ರ ತಗದು ಹಾಕಬೇಕು. ತಿಳೀತಿಲ್ಲೊ?"

"ತಿಳೀತು."

ತಿಳಿದದ್ದೇ ತೊಂದರೆಯಾಯಿತು. ನೀರಿನ ಮೊದಲ ಸರದಿ ಬಂತು, ಯಾವ ಮನೆಗೂ ಸುದ್ದಿ ಹೋಗಲಿಲ್ಲ. ಅಕ್ಕ ಹುಡುಕಿದರೆ ಮನೆಮನೆಯ ಮೊಬೈಲ್ ನಂಬರಿನ ಪಟ್ಟಿಯೇ ಇಲ್ಲ.

"ಪಟ್ಟಿ ಎಲ್ಲೈತಿ?"

"ಎಂಟು ದಿನಕ್ಕೊಮ್ಮಿ ಮುಟ್ತೀರಕ್ಕ ನೀವು. ನಾಕು ದಿನ ನೋಡಿದೆ, ತಗದು ಹಾಕಿದೆ."

ಅಕ್ಕ ಓಣಿ ಓಣಿ ಅಲೆದು ಪಟ್ಟಿ ಮತ್ತೆ ಬರೆದಳು. ಸುದ್ದಿ ಫಕೀರವ್ವನ ಕಿವಿಗೆ ಬಿತ್ತು. ತವೆಯ ಮೇಲೆ ರೊಟ್ಟಿ ಹೊತ್ತಿತು, ಅವಳ ಹೊಟ್ಟೆಯೂ ಹೊತ್ತಿತು. ಸಂಜೆ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಏನರ ತಗಿಯೂ ಮುಂಚೆ ಅದರದೊಂದು ನಕಲು ತಗದಿಟ್ಗೋಬೇಕೋ ಮಂಕ. ಅನ್ನು ನೋಡೂಣು."

"ತಗಿಯೂ ಮುಂಚೆ ನಕಲು, ಅವ್ವಾ."

ಎರಡನೇ ಸರದಿಯ ಹಿಂದಿನ ದಿನ ಆ ಕೂಸು ಭಾಷೆ ಮತ್ತೆ ಮಾತು ಬದಲಿಸಿತು. ಪ್ರೋಗ್ರಾಂನಲ್ಲಿ ಸುದ್ದಿ ಕಳಿಸುವ ಸಾಲು ಹಳತಾಗಿ ಓಡದಾಯಿತು. "ಅದನ್ನ ತಗದು ಹೊಸಾದು ಬರಿ" ಅಂದಳು ಅಕ್ಕ. ಮುದಕಪ್ಪ ತೆಗೆಯುವ ಮುಂಚೆ ಆ ಸಾಲನ್ನು ಕೆಳಗೆ ನಕಲು ಮಾಡಿಟ್ಟ. ನಕಲು ಒಂದೇ ಹಳೇದಾಗಿ ಉಳಿದರೆ ಚೆಂದವೇ? ಅದನ್ನೂ ತಿದ್ದಿದ. ಈಗ ಸುದ್ದಿ ಕಳಿಸುವ ಸಾಲು ಎರಡಾದವು, ಮೊದಲನೆಯದು ಊರಿಗೆಲ್ಲ ಕಳಿಸಿ ಮುಗಿಸಿದ ಮೇಲೆ ಎರಡನೆಯದು ಶುರು.

ಸುದ್ದಿ ಬಂತು, ನೀರು ಬಂತು, ಊರು ಕೊಡ ತುಂಬಿಸಿ ಉಸಿರು ಬಿಟ್ಟಿತು. ಅಷ್ಟರಲ್ಲಿ ಅದೇ ಸುದ್ದಿ ಮತ್ತೆ ಬಂತು. ಇನ್ನೊಂದು ತಾಸಿಗೆ ನೀರು! ಹೊಸ ನೀರು ಬರುತ್ತದಲ್ಲ ಅಂತ ಜನ ತುಂಬಿದ್ದನ್ನು ಅಂಗಳಕ್ಕೆ ಸುರಿದರು, ಎಮ್ಮೆಗೆ ಸುರಿದರು, ಕೊಡ ಬೋರಲು ಹಾಕಿ ಕಾದರು. ಮಗನ ಸುದ್ದಿ ಅಂತ ಫಕೀರವ್ವನೂ ಒಂಬತ್ತು ಕೊಡ ಸುರಿದಳು. ನಲ್ಲಿ ಗೊರಗೊರ ಅಂದು ಸುಮ್ಮನಾಯಿತು.

ಅಕ್ಕನಿಗೆ ಬೈಯಲೂ ತ್ರಾಣವಿರಲಿಲ್ಲ. "ಯಾವ ಕೆಲಸನೂ ಒಮ್ಮಿಗೇ ಎಲ್ಲಾದಕ್ಕೂ ಮಾಡಬ್ಯಾಡ. ಮೊದಲ ಒಂದಕ್ಕ ಮಾಡು. ಯಾರೂ ಏನೂ ಅನ್ನಲಿಲ್ಲ ಅಂದ್ರ ಉಳಿದಿದ್ದಕ್ಕ ಮಾಡು. ಇನ್ನೊಂದು ತಪ್ಪಾದ್ರ ಇತ್ತ ಬರಬ್ಯಾಡ."

ಎಂಟು ದಿನ ಫಕೀರವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನೆರೆಮನೆಯಲ್ಲಿ ತಂಬಿಗೆ ತಂಬಿಗೆ ನೀರು ಬೇಡಿ ತಂದಳು. ಒಂಬತ್ತು ಕೊಡ ಮೂಲೆಯಲ್ಲಿ ಬೋರಲು ಬಿದ್ದಿದ್ದವು, ಆ ಕಡೆ ನೋಡಲೂ ಅವಳಿಗೆ ಮನಸ್ಸಿಲ್ಲ. ಕೆಲಸ ಹೋದರೆ ಇವನನ್ನು ಇನ್ನು ಯಾರು ಕರೆದಾರು? ತಾನು ಹೋದ ಮೇಲೆ ಇವನ ಗತಿ ಏನು? ರೊಟ್ಟಿ ಬಡಿಯುವಾಗಲೂ ಕಣ್ಣು ಮೊಬೈಲಿನ ಮೇಲೆಯೇ.

ಮೂರನೇ ಸರದಿ. ಮೊಬೈಲ್ ಗುಂಯ್ ಅಂದಿತು. ಅಕ್ಕ ಹೇಳಿದ ಹಾಗೇ ಮೊದಲ ಸುದ್ದಿ ಅವಳೊಬ್ಬಳಿಗೇ. ಸ್ವಲ್ಪ ಹೊತ್ತಿಗೆ ಖಾನಾವಳಿ ಯಜಮಾನನಿಗೂ ಬಂತು, ಊರಿಗೆಲ್ಲ ಬಂತು. ಒಂದೇ ಸಲ. ಇನ್ನೊಂದು ಬರುತ್ತದೇನೋ ಅಂತ ಫಕೀರವ್ವ ಕಾದಳು. ಬರಲಿಲ್ಲ. ಬದಲಿಗೆ ಮಹಾನಂದಕ್ಕನ ಫೋನ್ ಬಂತು. "ನಿಮ್ಮ ಮಗ ಪಾಸಾದ ಅವ್ವ. ನಾಳಿಂದ ಕಾಯಂ."

ಹಿಟ್ಟಿನ ಕೈಯಲ್ಲೇ ಮನೆಗೆ ಓಡಿದಳು. ಮುದಕಪ್ಪ ಅವಳಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಗುತ್ತ ನಿಂತಿದ್ದ. ಅವನ ತಲೆ ಸವರಿ, ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಧೋ ಅಂತ ಬಂತು. ಮೂಲೆ ನೋಡಿದರೆ ಖಾಲಿ.

"ಕೊಡ ಎಲ್ಲೋ ಮುದಕ್ಯಾ?"

"ನಾಕು ದಿನ ಯಾರೂ ಮುಟ್ಟಲಿಲ್ಲವ್ವ. ಗುಜರಿ ಗಾಡಿಗೆ ಹಾಕಿದೆ."

"ಒಂಬತ್ತೂ?"

"ಒಮ್ಮಿಗೇ ಹಾಕಲಿಲ್ಲ. ಮೊನ್ನಿ ಒಂದು ಹಾಕಿ ನೋಡಿದೆ, ನೀ ಏನೂ ಅನ್ನಲಿಲ್ಲ. ಇವತ್ತ ಮುಂಜಾನಿ ಉಳಿದಿದ್ದು ಹಾಕಿದೆ."

ಫಕೀರವ್ವ ಗೋಡೆ ಹಿಡಿದು ಕೂತಳು. ಮಗ ಗಾಬರಿಯಾಗಿ ಹತ್ತಿರ ಬಂದ.

"ನೀ ಅಂಜಬ್ಯಾಡವ್ವ. ತಗಿಯೂ ಮುಂಚೆ ನಕಲು ತಗದೀನಿ." ಮೊಬೈಲ್ ತೆರೆದು ತೋರಿಸಿದ. ಒಂಬತ್ತು ಕೊಡಗಳ ಫೋಟೊ, ಸಾಲಾಗಿ, ಚೊಕ್ಕವಾಗಿ.

ಫಕೀರವ್ವ ಅವನ ಮುಖ ನೋಡಿದಳು, ನಲ್ಲಿ ನೋಡಿದಳು. ಮೊಬೈಲ್ ಕಸಿದುಕೊಂಡು ಧೋ ಅನ್ನುವ ನೀರಿನ ಕೆಳಗೆ ಹಿಡಿದಳು.

ಮುದಕಪ್ಪ ಮೆಲ್ಲಗೆ ಅಂದ, "ಒಮ್ಮಿಗೇ ಎಲ್ಲಾ ತುಂಬಬ್ಯಾಡವ್ವ. ಮೊದಲ ಒಂದು ಕೊಡ ತುಂಬಿ ನೋಡು."

ಕತೆ ನಲ್ಲಿಯ ಜೊತೆ ನಿಂತಿತು. ಈಗ ನಗಿ, ಆಮೇಲೆ ಮನೆಗೆ ಹೋಗಿ ನಿಮ್ಮ ಕೊಡ ಎಣಿಸಿಕೊಳ್ಳಿ.